ಕಲಬುರಗಿ ಬಿಸಿಲಿಗೆ ತಕ್ಕ ಬೈಕ್ ಸೀಟು, ಅದಕ್ಕೊಪ್ಪುವ ಬ್ಯಾಗು: ಮಾಡಿಸುವುದು ಹೇಗೆ?

ಬೈಕಿಗೆ ಹೊಸ ಸೀಟು ಮಾಡಿಸಬೇಕು ಅನ್ನಿಸಿದಾಗ ನಾವೆಲ್ಲ ಮೊದಲು ಹುಡುಕುವುದು ಬಣ್ಣ. ಫೋನಿನಲ್ಲಿ ನಾಲ್ಕು ಫೋಟೊ ಉಳಿಸಿಕೊಂಡು ಹೋಗಿ, 'ಇದೇ ಥರ ಬೇಕು' ಅಂತ ಅಂಗಡಿಯವರಿಗೆ ತೋರಿಸುತ್ತೇವೆ. ಅವರು ಹಳೇ ಕವರ್ ಕಿತ್ತು, ಕುಸಿದ ಫೋಮಿನ ಮೇಲೇ ಹೊಸ ರೆಕ್ಸಿನ್ ಎಳೆದು ಕೊಡುತ್ತಾರೆ. ಸಂಜೆಗೆ ಗಾಡಿ ಮಿಂಚುತ್ತದೆ. ಆದರೆ ಕಲಬುರಗಿಯಿಂದ ಹೊರಟು ಹುಮನಾಬಾದ ಮುಟ್ಟುವಷ್ಟರಲ್ಲಿ ಸೊಂಟ ಮೊದಲಿನಂತೆಯೇ ಹಿಡಿದುಕೊಳ್ಳುತ್ತದೆ.

ಸೀಟಿನ ಕೆಲಸ ಒಳಗಿನಿಂದ ಹೊರಗೆ ಬರಬೇಕು. ಮೊದಲು ಕೂರುವ ಆಕಾರ, ಆಮೇಲೆ ಫೋಮ್, ಅದಾದ ಮೇಲೆ ರೆಕ್ಸಿನ್. ಬ್ಯಾಗು ಕೊನೆಗೆ. ಆದರೆ ಬ್ಯಾಗಿನ ಬಟ್ಟೆಯನ್ನು ಮಾತ್ರ ಸೀಟಿನ ಜೊತೆಗೇ ಕೊಳ್ಳಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಮ್ಮ ಕಡೆಯ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸೇಡಂ, ಶಹಾಬಾದ್ ಕಡೆ ಹೋದರೆ ಸಿಮೆಂಟು, ಕಲ್ಲಿನ ಧೂಳು. ಮಳೆಗಾಲದಲ್ಲಿ ಹಳ್ಳಿ ದಾರಿಗೆ ಇಳಿದರೆ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಮೇಲಕ್ಕೆ ಹಾರುತ್ತದೆ. ತಂಪು ಊರಿನ ಬೈಕಿಗೆ ಚೆಂದ ಕಂಡ ಸೀಟು ಇಲ್ಲಿ ಎರಡು ಬೇಸಿಗೆ ಬಾಳುತ್ತದೆ ಅಂತ ಹೇಳಲಾಗದು.

ಮೊದಲು ಗಾಡಿಯ ಮೇಲೆ ಕೂತು ನೋಡಿ

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಮಾಡುವ ಕೆಲಸ ಇದು. ಗಾಡಿಯನ್ನು ಸಮ ಜಾಗದಲ್ಲಿ ನಿಲ್ಲಿಸಿ, ಸ್ಟ್ಯಾಂಡ್ ತೆಗೆದು, ದಿನಾ ಹಾಕುವ ಚಪ್ಪಲಿಯನ್ನೋ ಬೂಟನ್ನೋ ಹಾಕಿಕೊಂಡು ಕೂರಿ. ಎರಡೂ ಪಾದದ ಮುಂಭಾಗ ನೆಲಕ್ಕೆ ಊರುತ್ತದಾ? ಊರಿದರೆ ಸೀಟಿನ ಎತ್ತರ ನಿಮಗೆ ಸರಿ ಇದೆ. ತುದಿಬೆರಳು ಮಾತ್ರ ಮುಟ್ಟುತ್ತಿದ್ದರೆ ಎತ್ತರ ಇಳಿಸಬೇಕಾಗುತ್ತದೆ. ಸ್ಪ್ಲೆಂಡರ್ ಪ್ಲಸ್ ಸೀಟಿನ ಎತ್ತರ 785 ಮಿಮೀ, ಈಗಿನ ಕ್ಲಾಸಿಕ್ 350ರದ್ದು 805 ಮಿಮೀ. ಎರಡರ ನಡುವೆ ಬರೀ ಎರಡು ಸೆಂಟಿಮೀಟರ್ ವ್ಯತ್ಯಾಸ. ಆದರೆ ಕುಳ್ಳಗಿರುವವರಿಗೆ ಸಿಗ್ನಲ್‌ನಲ್ಲಿ ನಿಂತಾಗ ಆ ಎರಡು ಸೆಂಟಿಮೀಟರಿನ ಬೆಲೆ ಗೊತ್ತಾಗುತ್ತದೆ.

ಎತ್ತರ ಇಳಿಸಲು ಫೋಮ್ ಕೆರೆಯುವುದೊಂದೇ ದಾರಿ ಅಂದುಕೊಳ್ಳಬೇಡಿ. ಟ್ಯಾಂಕಿನ ಹತ್ತಿರ ಸೀಟಿನ ಅಗಲ ಕಡಿಮೆ ಮಾಡಿದರೂ ಕಾಲು ನೇರವಾಗಿ ಇಳಿದು ನೆಲ ಹತ್ತಿರವಾಗುತ್ತದೆ. ನಾನಂತೂ ಮೊದಲು ಅಗಲವನ್ನೇ ಕಡಿಮೆ ಮಾಡಿಸಿ ಅನ್ನುತ್ತೇನೆ. ಕೂರುವ ಜಾಗದಲ್ಲಿ ಫೋಮ್ ಎರಡು ಇಂಚಿಗಿಂತ ತೆಳುವಾದರೆ ಕೆಳಗಿನ ಬೇಸ್, ಅಂದರೆ ಸೀಟಿನ ಗಟ್ಟಿ ತಳ, ಮೂಳೆಗೆ ತಾಗುತ್ತದೆ.

ಇನ್ನೊಂದು ವಿಷಯ ಗಮನಿಸಿ. ಬ್ರೇಕ್ ಹಾಕಿದಾಗಲೆಲ್ಲ ನೀವು ಟ್ಯಾಂಕಿನ ಕಡೆ ಜಾರುತ್ತೀರಾ? ಹಾಗಾದರೆ ಸೀಟು ಮುಂದಕ್ಕೆ ಇಳಿಜಾರಾಗಿದೆ. ಇದನ್ನು ಅಂಗಡಿಯವರಿಗೆ ಬಾಯಿಬಿಟ್ಟು ಹೇಳಬೇಕು. ನಿಂತ ಗಾಡಿ ನೋಡಿದರೆ ಅದು ಕಣ್ಣಿಗೆ ಬೀಳುವುದಿಲ್ಲ.

ಹಿಂದೆ ಯಾರು ಕೂರುತ್ತಾರೆ?

ನಮ್ಮಲ್ಲಿ ಇದು ದೊಡ್ಡ ಪ್ರಶ್ನೆ. ಅಮ್ಮನೋ ಹೆಂಡತಿಯೋ ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರುವುದಾದರೆ, ಹಿಂದಿನ ಸೀಟು ಸಮತಟ್ಟಾಗಿ ಅಗಲವಾಗಿರಬೇಕು. ಫೋಟೊಗಳಲ್ಲಿ ಕಾಣುವ, ಹಿಂಭಾಗ ಮೆಟ್ಟಿಲಿನಂತೆ ಎದ್ದ ಸಣ್ಣ ಸೀಟು ಅವರಿಗೆ ಆಗಿಬರುವುದಿಲ್ಲ. ಅಂಚು ಗುಂಡಗಿದ್ದರೂ ಜಾರುತ್ತಾರೆ. ರೆಕ್ಸಿನ್ ತೀರಾ ನುಣುಪಾಗಿದ್ದರೆ ರೇಷ್ಮೆ ಸೀರೆಯಲ್ಲಿ ಇನ್ನೂ ಜಾಸ್ತಿ ಜಾರುತ್ತದೆ. ಹಾಗಾಗಿ ಹಿಂದಿನ ಭಾಗಕ್ಕೆ ಸ್ವಲ್ಪ ಒರಟು ಮೈಯ ರೆಕ್ಸಿನ್ ಆರಿಸಿ.

ಬ್ಯಾಗಿನ ಜಾಗವೂ ಇಲ್ಲೇ ತೀರ್ಮಾನವಾಗುತ್ತದೆ. ಅವರ ಕಾಲು ಬರುವುದು ಎಡಕ್ಕೆ. ನಾವು ಬ್ಯಾಗು ಕಟ್ಟಲು ಹೊರಡುವುದೂ ಎಡಕ್ಕೇ, ಏಕೆಂದರೆ ಬಹುತೇಕ ಗಾಡಿಗಳಲ್ಲಿ ಬಲಕ್ಕೆ ಸೈಲೆನ್ಸರ್ ಇರುತ್ತದೆ. ಎರಡೂ ಒಂದೇ ಜಾಗಕ್ಕೆ ಜಗಳ. ಮನೆಯ ಹೆಣ್ಣುಮಕ್ಕಳು ದಿನಾ ಹಿಂದೆ ಕೂರುವುದಾದರೆ ಎಡಗಡೆಯ ಕಾಯಂ ಬ್ಯಾಗಿನ ಆಸೆ ಬಿಟ್ಟುಬಿಡಿ. ಹಿಂದಿನ ಕ್ಯಾರಿಯರ್ ಮೇಲೆ ಕೂರುವ ಬ್ಯಾಗು ಮಾಡಿಸಿ. ಇಲ್ಲವೇ ಬಕಲ್ ಒತ್ತಿದರೆ ಕಳಚಿ ಬರುವ ಬ್ಯಾಗು ಮಾಡಿಸಿ, ಒಬ್ಬರೇ ಹೋಗುವಾಗ ಮಾತ್ರ ಹಾಕಿಕೊಳ್ಳಿ.

ಕಾನೂನು ಏನು ಹೇಳುತ್ತದೆ

ಕೆಲಸ ಶುರು ಮಾಡುವ ಮೊದಲೇ ಇದನ್ನು ತಿಳಿದುಕೊಂಡಿರಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿ ಬರೆದಿರುವ ವಿವರಗಳು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಫೋಮ್ ಬದಲಿಸುವುದು, ಕವರ್ ಹೊಲಿಸುವುದು, ಬ್ಯಾಗು ಕಟ್ಟುವುದು ಆ ವಿವರಗಳನ್ನು ಮುಟ್ಟುವುದಿಲ್ಲ. ಆದರೆ ಹಿಂದಿನ ಫ್ರೇಮ್ ಕತ್ತರಿಸಿ ಇಬ್ಬರ ಗಾಡಿಯನ್ನು ಒಬ್ಬರ ಗಾಡಿ ಮಾಡಲು ಹೊರಟರೆ ಕಥೆಯೇ ಬೇರೆ. ಅದು ಕಾನೂನಿಗೂ ವಿರುದ್ಧ, ಗಾಡಿಯ ಬಲಕ್ಕೂ ಕುತ್ತು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಇನ್ನೂ ಮುಖ್ಯ. ಹಿಂದೆ ಕೂರುವವರು ಹಿಡಿದುಕೊಳ್ಳಲು ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಬಟ್ಟೆ ಚಕ್ರಕ್ಕೆ ಸಿಗದಂತೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮರೆಯಾಗುವ ಗಾರ್ಡ್ ಇರಲೇಬೇಕು ಅಂತ ಅದು ಹೇಳುತ್ತದೆ. ಹೊಸ ಸೀಟು ಚೆಂದ ಕಾಣಲಿ ಅಂತ ಸೀರೆ ಗಾರ್ಡ್ ಬಿಚ್ಚಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸೆರಗು, ದುಪಟ್ಟಾ ಚಕ್ರಕ್ಕೆ ಸಿಕ್ಕಿ ಆಗುವ ಅನಾಹುತ ನಮ್ಮ ಊರುಗಳಿಗೆ ಹೊಸದೇನಲ್ಲ. ಗಾರ್ಡ್ ಬಿಚ್ಚಬೇಡಿ. ಹಿಂದೆ ಗಟ್ಟಿ ಪೆಟ್ಟಿಗೆ ಕೂರಿಸುವ ಯೋಚನೆ ಇದ್ದರೆ ಅದಕ್ಕೂ ಅಳತೆ ಇದೆ: 550 ಮಿಮೀ ಉದ್ದ, 510 ಅಗಲ, 500 ಎತ್ತರ ಮೀರಬಾರದು. ಪೆಟ್ಟಿಗೆ ಹಿಂಬದಿ ಸವಾರರ ಜಾಗವನ್ನೇ ಹಿಡಿದುಕೊಂಡರೆ ಗಾಡಿಯಲ್ಲಿ ಓಡಿಸುವವರೊಬ್ಬರೇ ಹೋಗಬೇಕು.

ಹಳೇ ಸೀಟನ್ನು ಮುಟ್ಟಬೇಡಿ

ಕಂಪನಿಯ ಸೀಟು ಒಳ್ಳೇ ಸ್ಥಿತಿಯಲ್ಲಿದ್ದರೆ ಅದನ್ನು ಕೊಯ್ಯದೆ ಎತ್ತಿಡಿ. ಗುಜರಿಯಲ್ಲಿ ನಿಮ್ಮದೇ ಮಾದರಿಯ ಗಾಡಿಯ ಸೀಟು ಹುಡುಕಿ. ಕವರ್ ಹರಿದಿದ್ದರೂ ಪರವಾಗಿಲ್ಲ, ನಿಮಗೆ ಬೇಕಾಗಿರುವುದು ಕೆಳಗಿನ ಬೇಸ್. ಅದನ್ನು ಬೆಳಕಿಗೆ ಹಿಡಿದು ಸಣ್ಣ ಬಿರುಕು ಇದೆಯಾ ನೋಡಿ. ಮುಂದಿನ ಕೊಕ್ಕೆ, ಹಿಂದಿನ ಬೋಲ್ಟಿನ ತೂತು ಅಥವಾ ಲಾಕ್, ಕೆಳಗೆ ಅಂಟಿರುವ ರಬ್ಬರ್ ಗುಬುಟುಗಳು, ಇವೆಲ್ಲ ಇರಬೇಕು. ಆ ರಬ್ಬರ್ ಗುಬುಟುಗಳು ಸುಮ್ನೆ ಇಟ್ಟಿದ್ದಲ್ಲ. ಸೀಟಿನ ಭಾರ ಫ್ರೇಮಿಗೆ ಇಳಿಯುವುದು ಅವುಗಳ ಮೂಲಕ. ಒಂದು ಬಿದ್ದುಹೋಗಿದ್ದರೂ ಬೇಸ್ ಅಲ್ಲಾಡಿ ಕೊನೆಗೆ ಸೀಳುತ್ತದೆ.

ಸೀಟು ಬಿಚ್ಚಿದಾಗ ಕೆಳಗಿನ ವೈರುಗಳ ಫೋಟೊ ತೆಗೆದುಕೊಳ್ಳಿ. ಹೊಸ ಸೀಟು ಕೂರಿಸುವಾಗ ಯಾವ ವೈರು ಬೇಸಿನ ಅಡಿಗೆ ಸಿಕ್ಕಿತು ಅಂತ ತಿಳಿಯಲು ಅದೇ ಆಧಾರ.

ಫೋಮ್

ಅಂಗಡಿಯಲ್ಲಿ 'ಡೆನ್ಸಿಟಿ ಎಷ್ಟು?' ಅಂತ ಕೇಳಿ. ಒಂದು ಘನಮೀಟರ್ ಫೋಮ್ ಎಷ್ಟು ಕಿಲೊ ತೂಗುತ್ತದೆ ಅನ್ನುವ ಲೆಕ್ಕ ಅದು. ಹಾಸಿಗೆ, ದಿಂಬಿಗೆ ಬಳಸುವ ಕಡಿಮೆ ಡೆನ್ಸಿಟಿಯ ಸ್ಪಂಜನ್ನು ಬೈಕಿಗೆ ಹಾಕಿದರೆ ಮೊದಲ ವಾರ ಮೆತ್ತಗೆ ಹಾಯಾಗಿರುತ್ತದೆ. ಆಮೇಲೆ ಕುಸಿಯುತ್ತದೆ. 40 ಡೆನ್ಸಿಟಿಗಿಂತ ಕಡಿಮೆ ಬೇಡ. ಅಡಿಯ ಪದರಕ್ಕೆ ಚೂರುಗಳನ್ನು ಒತ್ತಿ ಮಾಡಿದ ಬಣ್ಣಬಣ್ಣದ ರೀಬಾಂಡೆಡ್ ಫೋಮ್ ಒಳ್ಳೆಯದು. ಗಟ್ಟಿ ಇರುತ್ತದೆ, ಭಾರ ತಡೆಯುತ್ತದೆ.

ಕೆಲಸಕ್ಕೆ ತೆಗೆದುಕೊಂಡ ಸೀಟಿನಲ್ಲಿ ಕಂಪನಿಯ ಅಚ್ಚಿನ ಫೋಮ್ ಪುಡಿಯಾಗದಿದ್ದರೆ ಅದನ್ನು ಪೂರ್ತಿ ಎಸೆಯುವ ಅಗತ್ಯವಿಲ್ಲ. ಕುಸಿದ ಜಾಗವನ್ನು ಮಾತ್ರ ಚೌಕಾಕಾರಕ್ಕೆ ಕೊಯ್ದು ತೆಗೆಯಿರಿ. ಅಲ್ಲಿಗೆ ರೀಬಾಂಡೆಡ್ ತುಂಡು ಬಿಗಿಯಾಗಿ ಕೂರಿಸಿ. ಅಂಟು ಹಚ್ಚುವಾಗ ಎರಡೂ ಮೈಗೆ ರಬ್ಬರ್ ಸೊಲ್ಯೂಷನ್ ತೆಳ್ಳಗೆ ಸವರಿ, ಕೈಗೆ ಅಂಟದಷ್ಟು ಒಣಗಲು ಬಿಟ್ಟು, ಆಮೇಲೆ ಒತ್ತಬೇಕು. ದಪ್ಪಗೆ ಸುರಿದರೆ ಅಂಟೇ ಗಟ್ಟಿ ಪದರವಾಗಿ ಚುಚ್ಚುತ್ತದೆ. ಸೊಲ್ಯೂಷನ್ ಬೇಗ ಬೆಂಕಿ ಹಿಡಿಯುವಂಥದ್ದು, ಗಾಳಿಯಾಡುವ ಜಾಗದಲ್ಲೇ ಹಚ್ಚಿ. ಎಲ್ಲದರ ಮೇಲೆ ಹತ್ತು ಮಿಲಿಮೀಟರಿನಷ್ಟು ಮೆತ್ತನೆಯ ಫೋಮ್ ಹಾಳೆ ಹೊದಿಸಿದರೆ ಕೆಳಗಿನ ಜೋಡಣೆಯ ಗೆರೆ ಮೇಲೆ ಕಾಣುವುದಿಲ್ಲ.

ಆಕಾರ ಕೊಡಲು ಉದ್ದನೆಯ ಬ್ಲೇಡು, ಆಮೇಲೆ ಒರಟು ಉಪ್ಪುಕಾಗದ. ಕೂರುವ ಜಾಗ ಸ್ವಲ್ಪ ತಗ್ಗಿರಲಿ, ಆದರೆ ಬಟ್ಟಲಿನಂತೆ ಆಳ ಬೇಡ. ಆಳವಾದರೆ ಒಂದೇ ಭಂಗಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಬೀದರ್‌ವರೆಗಿನ ನೂರಕ್ಕೂ ಹೆಚ್ಚು ಕಿಲೋಮೀಟರ್ ದಾರಿಯಲ್ಲಿ ಆಗೀಗ ಹಿಂದೆ ಮುಂದೆ ಸರಿದು ಕೂರಲು ಆಗಬೇಕು.

ಜೆಲ್ ಪ್ಯಾಡ್ ಹಾಕಿಸಲಾ ಅಂತ ತುಂಬಾ ಜನ ಕೇಳುತ್ತಾರೆ. ನಮ್ಮ ಊರಿಗೆ ಬೇಡ. ಬಿಸಿಲಲ್ಲಿ ನಿಂತ ಗಾಡಿಯ ಜೆಲ್ ಕಾದರೆ ಬೇಗ ಆರುವುದಿಲ್ಲ. ನೆರಳಿನಲ್ಲೇ ಗಾಡಿ ನಿಲ್ಲಿಸುವ ಅನುಕೂಲ ಇದ್ದವರಿಗೆ ಮಾತ್ರ ಅದು ಸರಿ.

ಕವರ್ ಹಾಕುವ ಮೊದಲು ಓಡಿಸಿ

ಇದೊಂದು ಹಂತವನ್ನು ದಯವಿಟ್ಟು ಬಿಡಬೇಡಿ. ಫೋಮ್ ಕೆತ್ತಿ ಮುಗಿದ ಮೇಲೆ ಅದರ ಮೇಲೆ ಹಳೇ ಬೆಡ್‌ಶೀಟ್ ಬಿಗಿಯಾಗಿ ಸುತ್ತಿ, ಬೇಸಿನ ಅಡಿಗೆ ಟೇಪು ಹಾಕಿ. ಸೀಟನ್ನು ಗಾಡಿಗೆ ಸರಿಯಾಗಿ ಲಾಕ್ ಮಾಡಿ. ಬಟ್ಟೆಯ ತುದಿ ಚಕ್ರದ ಕಡೆ ಇಳಿಬಿದ್ದಿಲ್ಲ ಅಂತ ನೋಡಿ. ನಂತರ ರಿಂಗ್ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ. ಸ್ಪೀಡ್ ಬ್ರೇಕರ್ ಮೇಲೆ ಹೋಗಿ, ಹಿಂದೆ ಯಾರನ್ನಾದರೂ ಕೂರಿಸಿಕೊಂಡು ಹೋಗಿ.

ಹತ್ತು ನಿಮಿಷಕ್ಕೆ ಏನೂ ಗೊತ್ತಾಗುವುದಿಲ್ಲ. ಅರ್ಧ ಗಂಟೆಗೆ ಗೊತ್ತಾಗುತ್ತದೆ. ತೊಡೆಯ ಒಳಭಾಗ ಒತ್ತುತ್ತಿದ್ದರೆ ಮುಂದಿನ ಅಂಚನ್ನು ಇನ್ನಷ್ಟು ಗುಂಡಗೆ ಮಾಡಿಸಬೇಕು. ಬಾಲಮೂಳೆಯ ಹತ್ತಿರ ನೋವು ಬಂದರೆ ಹಿಂದಿನ ಏರು ಜಾಸ್ತಿಯಾಗಿದೆ. ಸೀಮೆಸುಣ್ಣದಲ್ಲಿ ಫೋಮಿನ ಮೇಲೇ ಗುರುತು ಹಾಕಿ ಅಂಗಡಿಗೆ ಒಯ್ಯಿರಿ. ಈ ಹೊತ್ತಿನಲ್ಲಿ ತಿದ್ದುವುದು ಐದು ನಿಮಿಷದ ಕೆಲಸ. ಕವರ್ ಹೊಲಿದಾದ ಮೇಲೆ ತಿದ್ದಬೇಕೆಂದರೆ ಹೊಸ ಕವರಿನ ಖರ್ಚೇ ಬೀಳುತ್ತದೆ.

ರೆಕ್ಸಿನ್ ಆರಿಸುವುದು

ಚರ್ಮದ ಸೀಟಿನ ಆಸೆ ನನಗೂ ಇದೆ. ಆದರೆ ದಿನವೂ ಬಿಸಿಲಲ್ಲಿ ನಿಲ್ಲುವ ಗಾಡಿಗೆ ಚರ್ಮ ಹಾಕಿಸಿದರೆ ಅದು ಒಣಗಿ ಬಿರಿಯುತ್ತದೆ. ಮಳೆಯಲ್ಲಿ ನೆನೆದು ಮತ್ತೆ ಒಣಗಿದಾಗ ಸೆಟೆದುಕೊಳ್ಳುತ್ತದೆ. ಸೀಟಿಗೆ ಒಳ್ಳೇ ರೆಕ್ಸಿನ್ನೇ ಸರಿ. ಒಂದು ಮಿಲಿಮೀಟರಿನ ಆಸುಪಾಸು ದಪ್ಪ, ಹಿಂದೆ ಹೆಣೆದ ಬಟ್ಟೆ ಇರುವ, ಎರಡೂ ಕಡೆಗೆ ಸ್ವಲ್ಪ ಹಿಗ್ಗುವ ರೆಕ್ಸಿನ್ ಕೇಳಿ. ಒಂದು ಮೂಲೆಯನ್ನು ಮಡಿಸಿ ಉಗುರಿನಿಂದ ಬಲವಾಗಿ ಒತ್ತಿ ನೋಡಿ. ಬಿಟ್ಟಾಗ ಬಿಳಿ ಗೆರೆ ಉಳಿದರೆ ಅದು ಬೇಡ.

ಬಣ್ಣದ ಮಾತಿಗೆ ಈಗ ಬರೋಣ. ಕಪ್ಪು ಎಲ್ಲರಿಗೂ ಇಷ್ಟ, ಕೊಳೆಯೂ ಕಾಣುವುದಿಲ್ಲ. ಆದರೆ ಮಧ್ಯಾಹ್ನ ಕಾದ ಕಪ್ಪು ಸೀಟಿನ ಮೇಲೆ ಕೂರುವ ಕಷ್ಟ ಗೊತ್ತಲ್ವಾ? ನನ್ನ ಆಯ್ಕೆ ಎರಡು ಬಣ್ಣದ ಸೀಟು. ಕೂರುವ ಮೇಲ್ಭಾಗಕ್ಕೆ ಬೂದಿ ಬಣ್ಣವೋ ತಿಳಿ ಕಂದೋ, ಬದಿಗಳಿಗೆ ಕಪ್ಪು. ಕೆಂಪು ಬೇಗ ಬಣ್ಣ ಬಿಡುತ್ತದೆ. ತೀರಾ ಬಿಳಿಯಾದರೆ ಎರೆಮಣ್ಣಿನ ಕಲೆ ಹೋಗುವುದಿಲ್ಲ.

ಈ ಭಾಗದವರಿಗೆ ಬೀದರಿನ ಬಿದ್ರಿ ಕೆಲಸಕ್ಕಿಂತ ಹತ್ತಿರದ ಮಾದರಿ ಬೇರೆ ಬೇಕಾ? ಕಡುಗಪ್ಪು ಮೈ ಮೇಲೆ ಬೆಳ್ಳಿಯ ಬಳ್ಳಿ. ಕಪ್ಪು ಬದಿ, ಬೂದಿ ಮೇಲ್ಭಾಗ, ಬೆಳ್ಳಿ ಬಣ್ಣದ ದಾರ ಮತ್ತು ಪೈಪಿಂಗ್ (ಅಂಚಿನ ಹೊಲಿಗೆಯಲ್ಲಿ ಕೂರುವ ಗುಂಡನೆಯ ಪಟ್ಟಿ) ಹಾಕಿಸಿದರೆ ಆ ನೆನಪು ತಾನಾಗಿ ಬರುತ್ತದೆ. ಬಳ್ಳಿಯ ಕಸೂತಿ ಬೇಕೆಂದರೆ ಅದನ್ನು ಬ್ಯಾಗಿನ ಮುಚ್ಚಳದ ಮೇಲೆ ಹಾಕಿಸಿ, ಸೀಟಿನ ಮೇಲೆ ಬೇಡ. ಸೀಟಿನ ಮೇಲೆ ಉಜ್ಜಿ ಉಜ್ಜಿ ದಾರ ಎದ್ದುಬರುತ್ತದೆ.

ಈಗ ಮೊದಲೇ ಹೇಳಿದ್ದ ಮಾತು. ಸೀಟಿಗೂ ಬ್ಯಾಗಿಗೂ ಬೇಕಾದ ರೆಕ್ಸಿನ್ ಒಂದೇ ದಿನ, ಒಂದೇ ರೋಲಿನಿಂದ ಕತ್ತರಿಸಿಕೊಳ್ಳಿ. ಒಂದೇ ಕಂಪನಿಯ ಒಂದೇ ನಂಬರಿನ ಬಣ್ಣವಾದರೂ ಬೇರೆ ಬೇರೆ ಲಾಟಿನಲ್ಲಿ ಛಾಯೆ ಒಂಚೂರು ಬದಲಾಗಿರುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಅದು ಕಾಣುವುದಿಲ್ಲ, ಹೊರಗೆ ಬಿಸಿಲಿಗೆ ತಂದಾಗ ಎದ್ದು ಕಾಣುತ್ತದೆ. ರೋಲಿನ ಅಗಲ ಸಾಮಾನ್ಯವಾಗಿ 54 ಇಂಚು. ಉದ್ದನೆಯ ಒಂದೇ ಸೀಟಿಗೂ ಒಂದು ಸಣ್ಣ ಬ್ಯಾಗಿಗೂ ಸೇರಿ ಒಂದೂವರೆ ಮೀಟರ್ ಆಗುತ್ತದೆ. ಇನ್ನರ್ಧ ಮೀಟರ್ ಜಾಸ್ತಿ ತೆಗೆದುಕೊಂಡು ಸುರುಳಿ ಸುತ್ತಿ ಇಡಿ, ರಿಪೇರಿಗೆ ಬೇಕಾಗುತ್ತದೆ. ಮಡಿಸಿ ಇಟ್ಟರೆ ಗೆರೆ ಬೀಳುತ್ತದೆ.

ಹೊಲಿಗೆ

ಸೀಟಿನ ಮೇಲೆಲ್ಲ ಡೈಮಂಡ್ ಹೊಲಿಗೆ ಹಾಕಿಸುವುದು ಈಗ ಎಲ್ಲ ಕಡೆ ನಡೆದಿದೆ. ಕಲಬುರಗಿಯ ಒಬ್ಬ ಹಿರಿಯ ಉಸ್ತಾದರ ಹತ್ತಿರ ನಾನೂ ಅದನ್ನೇ ಕೇಳಿದ್ದೆ. ಅವರು ಮಷಿನ್ ನಿಲ್ಲಿಸಿ ಹೇಳಿದರು:

"ಕುಂಡ್ರೂ ಜಾಗಾದಾಗ ಹೊಲಿಗಿ ಬ್ಯಾಡ್ರಿ ಸರ್. ಒಂದ್ ಮಳಿ ಬಿದ್ರ ಸಾಕು, ಸ್ಪಂಜ್ ನೀರ್ ಕುಡೀತದ. ಆಮ್ಯಾಲ ಕುಂತಾಗೆಲ್ಲ ಪ್ಯಾಂಟ್ ತೊಯ್ತದ."

"ಹಂಗಾದ್ರ ಡೈಮಂಡ್ ಎಲ್ಲಿ ಹಾಕೂದು ಉಸ್ತಾದ್?"

"ಬಾಜೂಕ ಹಾಕೂಣ್ರಿ. ಬ್ಯಾಗಿಗೆ ಹಾಕೂಣು. ಅಲ್ಲಿ ಛಂದನೂ ಕಾಣ್ತದ, ನೀರೂ ನಿಂದ್ರಂಗಿಲ್ಲ."

ಅವರು ಹಳೇ ಕವರೊಂದನ್ನು ತಿರುವಿ ತೋರಿಸಿದರು. ಪ್ರತಿ ಹೊಲಿಗೆಯ ತೂತಿನ ಸುತ್ತಲೂ ಒಂದೊಂದು ಕಂದು ಕಲೆ, ನೀರು ಇಳಿದ ಗುರುತು. ಸಾಲು ಸಾಲಾಗಿ ಡೈಮಂಡ್ ಆಕಾರದಲ್ಲೇ ಬಿದ್ದಿದ್ದವು. ಅದನ್ನು ನೋಡಿದ ಮೇಲೆ ನನಗೆ ಬೇರೆ ವಾದ ಬೇಕಾಗಲಿಲ್ಲ.

ಹಾಗಾಗಿ ಮೇಲ್ಭಾಗ ಒಂದೇ ತುಂಡಿನಲ್ಲಿ ಇರಲಿ. ಮೇಲ್ಭಾಗ ಮತ್ತು ಬದಿ ಸೇರುವ ಹೊಲಿಗೆ ಅಂಚಿನಿಂದ ಸ್ವಲ್ಪ ಕೆಳಕ್ಕೆ ಬರಲಿ, ನೀರು ಅಲ್ಲಿ ನಿಲ್ಲದೆ ಇಳಿದುಹೋಗುತ್ತದೆ. ದಾರ ದಪ್ಪನೆಯ ಪಾಲಿಯೆಸ್ಟರ್ ಆಗಿರಬೇಕು. ಬಿಸಿಲನ್ನು ನೈಲಾನಿಗಿಂತ ಅದು ಚೆನ್ನಾಗಿ ತಡೆಯುತ್ತದೆ. ಹತ್ತಿ ದಾರ ಬೇಡವೇ ಬೇಡ. ಹೊಲಿಗೆಯ ಅಂತರ ನಾಲ್ಕು ಮಿಲಿಮೀಟರಿನಷ್ಟಿರಲಿ. ಅಂಗಿ ಹೊಲಿದಂತೆ ಒತ್ತೊತ್ತಾಗಿ ಹೊಲಿದರೆ ತೂತುಗಳ ಸಾಲಿನಲ್ಲೇ ರೆಕ್ಸಿನ್ ಹರಿಯುತ್ತದೆ. ಇದಕ್ಕೆ ಮನೆಯ ಹೊಲಿಗೆ ಮಷಿನ್ ಸಾಲದು. ಬ್ಯಾಗು, ಕುಶನ್ ಹೊಲಿಯುವವರ ಭಾರೀ ಮಷಿನ್ನೇ ಆಗಬೇಕು.

ನಮೂನೆಯನ್ನು ಹಳೇ ಕವರಿನಿಂದ ತೆಗೆಯಬೇಡಿ. ಅದು ಹಿಗ್ಗಿರುತ್ತದೆ, ನಿಮ್ಮ ಫೋಮಿನ ಆಕಾರವೂ ಈಗ ಬದಲಾಗಿದೆ. ಹೊಸ ಫೋಮಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಟೇಪು ಅಂಟಿಸಿ, ಅಂಚಿನ ಗೆರೆಗಳನ್ನು ಮಾರ್ಕರಿನಲ್ಲಿ ಎಳೆಯಿರಿ. ಬಿಡಿಸಿ ಕಾಗದಕ್ಕೆ ಇಳಿಸಿ, ಹೊಲಿಗೆಗೆ ಸುತ್ತಲೂ ಒಂದು ಸೆಂಟಿಮೀಟರ್, ಕೆಳಗೆ ಮಡಿಸಲು ಐದಾರು ಸೆಂಟಿಮೀಟರ್ ಬಿಡಿ.

ಕವರ್ ಎಳೆದು ಕೂರಿಸುವುದು

ಇಲ್ಲಿ ಮಾತ್ರ ನಮ್ಮ ಬಿಸಿಲು ಉಪಕಾರಕ್ಕೆ ಬರುತ್ತದೆ. ಹೊಲಿದ ಕವರನ್ನು ಹತ್ತು ನಿಮಿಷ ಬಿಸಿಲಿಗೆ ಹರಡಿ. ರೆಕ್ಸಿನ್ ಮೆತ್ತಗಾಗಿ ಚೆನ್ನಾಗಿ ಹಿಗ್ಗುತ್ತದೆ. ಫೋಮಿನ ಮೇಲೆ ಒಂದು ಪದರ ತೆಳು ಪಾಲಿಥಿನ್ ಹಾಕಿದರೆ, ಹೊಲಿಗೆಯಲ್ಲಿ ಇಳಿದ ನೀರೂ ಫೋಮ್ ಮುಟ್ಟುವುದಿಲ್ಲ.

ಕವರಿನ ಅಂಚನ್ನು ಬೇಸಿನ ಅಡಿಗೆ ಮಡಚಿ, ಮೊದಲು ಮುಂದಿನ ನಡುಭಾಗಕ್ಕೆ ಎರಡು ಸ್ಟೇಪಲ್ ಪಿನ್ನು ಹೊಡೆಯಿರಿ. ನಂತರ ಹಿಂದಿನ ನಡುಭಾಗಕ್ಕೆ ಎಳೆದು ಎರಡು. ಆಮೇಲೆ ಎಡ ನಡುವಿಗೆ ಒಂದು, ಬಲ ನಡುವಿಗೆ ಒಂದು. ಹೀಗೆ ಎಡ ಬಲ ಬದಲಿಸುತ್ತ ಹೊರಕ್ಕೆ ಹೋಗಬೇಕು, ಮೂಲೆಗಳು ಕೊನೆಗೆ. ಒಂದೇ ಕಡೆಯಿಂದ ಹೊಡೆಯುತ್ತ ಹೋದರೆ ಕವರ್ ತಿರುಚಿಕೊಂಡು ನಡುವಿನ ಗೆರೆ ಓರೆಯಾಗುತ್ತದೆ. ಪ್ಲಾಸ್ಟಿಕ್ ಬೇಸಿಗೆ ಆರರಿಂದ ಎಂಟು ಮಿಲಿಮೀಟರಿನ ತುಕ್ಕು ಹಿಡಿಯದ ಪಿನ್ನು ಸಾಕು. ಅದಕ್ಕಿಂತ ಉದ್ದದ್ದು ಬೇಸ್ ತೂರಿ ಫೋಮಿಗೆ ಬರುತ್ತದೆ. ತಗಡಿನ ಬೇಸ್ ಇದ್ದರೆ ಪಿನ್ನು ಹಿಡಿಯುವುದಿಲ್ಲ. ಅದರಲ್ಲಿ ಕವರ್ ಸಿಕ್ಕಿಸಲು ಹಲ್ಲುಗಳಿರುತ್ತವೆ. ಅವನ್ನು ಹಗುರಾಗಿ ಎತ್ತಿ ಮಡಚಬೇಕು, ಪದೇ ಪದೇ ಎತ್ತಿದರೆ ಮುರಿಯುತ್ತವೆ.

ಬ್ಯಾಗು: ಮೊದಲು ರಟ್ಟಿನಲ್ಲಿ

ಬ್ಯಾಗಿನ ಅಳತೆಯನ್ನು ಬಾಯಲ್ಲಿ ಹೇಳಬೇಡಿ. ಹಳೇ ರಟ್ಟಿನ ಪೆಟ್ಟಿಗೆ ಕತ್ತರಿಸಿ ಟೇಪು ಹಾಕಿ, ಬ್ಯಾಗಿನ ಆಕಾರ ಮಾಡಿ ಗಾಡಿಗೇ ಕಟ್ಟಿ ನೋಡಿ. 30 ಸೆಂಟಿಮೀಟರ್ ಉದ್ದ, 22 ಎತ್ತರ, 12 ದಪ್ಪ ಇಟ್ಟರೆ ಸುಮಾರು ಎಂಟು ಲೀಟರ್ ಜಾಗ ಸಿಗುತ್ತದೆ. ರೇನ್‌ಕೋಟು, ನೀರಿನ ಬಾಟಲಿ, ರೊಟ್ಟಿಯ ಗಂಟು, ಕಾಗದ ಪತ್ರ, ಪಂಚರ್ ಸಾಮಾನು ಹಿಡಿಯಲು ಅಷ್ಟು ಸಾಕು.

ರಟ್ಟು ಕಟ್ಟಿದ ಮೇಲೆ ದಪ್ಪಗಿನ ಇಬ್ಬರು ಗೆಳೆಯರನ್ನು ಗಾಡಿಯ ಮೇಲೆ ಕೂರಿಸಿ ಕುಪ್ಪಳಿಸಲು ಹೇಳಿ. ಶಾಕ್ ಪೂರ್ತಿ ಕುಗ್ಗಿದಾಗ ಚಕ್ರ ಎಲ್ಲಿಯವರೆಗೆ ಬರುತ್ತದೆ, ರಟ್ಟಿಗೆ ತಾಗುತ್ತದಾ, ಹಿಂದೆ ಕೂತವರ ಹಿಮ್ಮಡಿ ಬಡಿಯುತ್ತದಾ ನೋಡಿ. ಇಂಡಿಕೇಟರ್, ಹಿಂದಿನ ದೀಪ, ನಂಬರ್ ಪ್ಲೇಟ್ ಮರೆಯಾಗಬಾರದು. ಹತ್ತು ಹೆಜ್ಜೆ ಹಿಂದೆ ನಿಂತು ನೋಡಿದರೆ ತಿಳಿಯುತ್ತದೆ. ಬಲಗಡೆ ಕಟ್ಟುವುದಾದರೆ ಕಿಕ್ ಹೊಡೆದು ನೋಡಿ, ಸೈಲೆನ್ಸರಿಗೂ ಬ್ಯಾಗಿಗೂ ನಾಲ್ಕು ಬೆರಳಿಗಿಂತ ಜಾಸ್ತಿ ಅಂತರ ಇಡಿ. ಅಲ್ಲಿ ತಗಡಿನ ಮರೆಯೊಂದನ್ನು ಹಾಕಿಸಿದರೆ ಇನ್ನೂ ಒಳ್ಳೆಯದು. ಬಿಸಿಗೆ ರೆಕ್ಸಿನ್ ಸುಕ್ಕುಗಟ್ಟುತ್ತದೆ, ತಾಗಿದರೆ ಕರಗುತ್ತದೆ.

ಬರೀ ರೆಕ್ಸಿನ್ನಿನ ಬ್ಯಾಗು ಸ್ವಲ್ಪ ದಿನಕ್ಕೇ ಜೋಲುಬೀಳುತ್ತದೆ. ಹೊರಗೆ ಸೀಟಿನದೇ ರೆಕ್ಸಿನ್, ಒಳಗೆ ಕ್ಯಾನ್ವಾಸ್, ನಡುವೆ ಹಿಂಭಾಗಕ್ಕೆ ಮತ್ತು ತಳಕ್ಕೆ ಮೂರು ಮಿಲಿಮೀಟರಿನ ಪ್ಲಾಸ್ಟಿಕ್ ಹಾಳೆ ಹಾಕಿಸಿ. ಗಾಡಿಯ ಕಡೆಗಿನ ಮೈ ಗಟ್ಟಿಯಿದ್ದರೆ ಬ್ಯಾಗು ಚಕ್ರದ ಕಡೆ ಉಬ್ಬುವುದಿಲ್ಲ. ಇದು ಅಂದಕ್ಕಿಂತ ಜೀವದ ಪ್ರಶ್ನೆ.

ಜಿಪ್ಪಿಗೆ ನಮ್ಮ ಧೂಳು ದೊಡ್ಡ ಶತ್ರು. ಹಲ್ಲಿನೊಳಗೆ ಸೇರಿ ಹಿಡಿದುಬಿಡುತ್ತದೆ. ಮುಚ್ಚಳ ಮತ್ತು ಎರಡು ಬಕಲ್ ಇರುವ ಬ್ಯಾಗು ಇಲ್ಲಿಗೆ ಒಳ್ಳೆಯದು. ಮುಚ್ಚಳ ಬಾಯಿಯನ್ನು ಐದಾರು ಸೆಂಟಿಮೀಟರ್ ದಾಟಿ ಕೆಳಗಿಳಿಯಬೇಕು, ಬದಿಗಳಲ್ಲೂ ಕಿವಿಯಂಥ ಮಡಿಕೆ ಇರಬೇಕು. ತಳದ ಮೂಲೆಯಲ್ಲಿ ಸಣ್ಣ ಐಲೆಟ್ (ಲೋಹದ ಬಳೆ ಕೂರಿಸಿದ ತೂತು) ಹಾಕಿಸಿ, ಒಳಗೆ ಬಂದ ನೀರು ಇಳಿದುಹೋಗಲಿ.

ಕಟ್ಟುವ ಪಟ್ಟಿಗೆ ಅಗಲವಾದ ನೈಲಾನ್ ನಿವಾರ್ ಬಳಸಿ. ಮೇಲೆ ಎರಡು, ಕೆಳಗೆ ಒಂದು, ಹೀಗೆ ಮೂರು ಕಡೆ ಹಿಡಿತ ಬೇಕು. ಕೆಳಗಿನದು ಇಲ್ಲದಿದ್ದರೆ ತಿರುವಿನಲ್ಲಿ ಬ್ಯಾಗು ಹೊರಕ್ಕೆ ಹಾರಿ ಮತ್ತೆ ಬಡಿಯುತ್ತದೆ. ಪಟ್ಟಿಯನ್ನು ಫ್ರೇಮಿಗೋ ಗಟ್ಟಿಯಾದ ಗಾರ್ಡಿಗೋ ಕಟ್ಟಿ, ಇಂಡಿಕೇಟರ್ ಕಡ್ಡಿಗೆ ಎಂದೂ ಕಟ್ಟಬೇಡಿ. ಪಟ್ಟಿ ಬ್ಯಾಗಿಗೆ ಸೇರುವ ಜಾಗದಲ್ಲಿ ಚೌಕ ಹಾಕಿ ಅದರೊಳಗೆ ಕತ್ತರಿ ಗುರುತಿನ ಹೊಲಿಗೆ ಹಾಕಿಸಿ, ವಾಷರ್ ಇಟ್ಟು ರಿವಿಟ್ ಹೊಡೆಸಿ. ಉಳಿದ ತುದಿ ಗಾಳಿಗೆ ಹಾರದಂತೆ ಎಲಾಸ್ಟಿಕ್ ಬಳೆಯೊಳಗೆ ಸಿಕ್ಕಿಸಿ. ಇಳಿಬಿದ್ದ ಪಟ್ಟಿ ಚೈನಿಗೆ ಸಿಕ್ಕಿದರೆ ಹಿಂದಿನ ಚಕ್ರವೇ ಹಿಡಿದು ನಿಲ್ಲುತ್ತದೆ. ಒಂದು ಬದಿಯ ಬ್ಯಾಗಿಗೆ ಎರಡು ಮೂರು ಕಿಲೊಗಿಂತ ಜಾಸ್ತಿ ತುಂಬಬೇಡಿ. ಭಾರದ ಸಾಮಾನು ತಳಕ್ಕೆ ಇರಲಿ.

ಜೋಡಿ ಅನ್ನಿಸಬೇಕಾದರೆ ಬಣ್ಣ ಒಂದಾದರೆ ಸಾಲದು. ಸೀಟಿನ ಬದಿಯಲ್ಲಿ ಹಾಕಿದ ದಾರ, ಅದೇ ಹೊಲಿಗೆಯ ಅಂತರ, ಅದೇ ದಪ್ಪದ ಪೈಪಿಂಗ್ ಬ್ಯಾಗಿನಲ್ಲೂ ಬರಬೇಕು. ಸೀಟು ಒಬ್ಬರ ಹತ್ತಿರ, ಬ್ಯಾಗು ಇನ್ನೊಬ್ಬರ ಹತ್ತಿರ ಹೊಲಿಸಿದರೆ ಇದು ಕೂಡಿಬರುವುದಿಲ್ಲ. ಆದಷ್ಟೂ ಒಬ್ಬರಿಗೇ ಕೊಡಿ, ಅವರಿಗೆ ಸಮಯವನ್ನೂ ಕೊಡಿ. ಹಬ್ಬದ ಮುಂಚಿನ ವಾರ ಹೋಗಿ ನಾಳೆಗೇ ಬೇಕು ಅಂದರೆ ಯಾವ ಉಸ್ತಾದರ ಕೈಯಿಂದಲೂ ಒಳ್ಳೇ ಕೆಲಸ ಬರದು. ಫೋಮ್, ರೆಕ್ಸಿನ್, ಹೊಲಿಗೆ, ಬ್ಯಾಗು, ಒಂದೊಂದಕ್ಕೆ ಎಷ್ಟು ಅಂತ ಬಿಡಿಯಾಗಿ ಚೀಟಿಯಲ್ಲಿ ಬರೆಸಿಕೊಂಡು ಮುಂಗಡ ಕೊಡಿ.

ಮೊದಲ ಉದ್ದ ಸವಾರಿ, ಆಮೇಲಿನ ಆರೈಕೆ

ಎಲ್ಲ ಕೂರಿಸಿದ ಮೇಲೆ ಖಾಲಿ ಬ್ಯಾಗಿನಲ್ಲಿ ಊರೊಳಗೆ ಸುತ್ತಾಡಿ, ನಂತರ ಸಾಮಾನು ತುಂಬಿ ಜೇವರ್ಗಿ ಕಡೆಗೋ ದೇವಲ ಗಾಣಗಾಪುರಕ್ಕೋ ಹೋಗಿ ಬನ್ನಿ. ದಾರಿಯಲ್ಲಿ ನಿಂತು ಪಟ್ಟಿ ಸಡಿಲವಾಗಿದೆಯಾ, ಬ್ಯಾಗಿನ ಹಿಂಭಾಗದಲ್ಲಿ ಉಜ್ಜಿದ ಗುರುತು ಇದೆಯಾ, ಸೀಟು ಲಾಕಿನಲ್ಲಿ ಅಲ್ಲಾಡುತ್ತದಾ ನೋಡಿ. ನಿವಾರ್ ಹೊಸದರಲ್ಲಿ ಹಿಗ್ಗುವುದು ಸಹಜ, ಇನ್ನೊಮ್ಮೆ ಬಿಗಿದರೆ ನಿಲ್ಲುತ್ತದೆ.

ತೊಳೆಯಲು ಒದ್ದೆ ಬಟ್ಟೆ, ಸ್ವಲ್ಪ ಶಾಂಪೂ ಸಾಕು. ಪೆಟ್ರೋಲ್, ಥಿನ್ನರ್ ಹಾಕಿ ಒರೆಸಬೇಡಿ, ರೆಕ್ಸಿನ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಸರ್ವಿಸ್ ಅಂಗಡಿಯಲ್ಲಿ ಜೋರು ನೀರಿನ ಪೈಪನ್ನು ಸೀಟಿನ ಹೊಲಿಗೆಗೆ ನೇರವಾಗಿ ಹಿಡಿಯಬೇಡಿ ಅಂತ ಹೇಳಿ. ಮಿಂಚಲಿ ಅಂತ ಎಣ್ಣೆಯಂಥ ಪಾಲಿಶ್ ಹಚ್ಚಿದರೆ ಸೀಟು ಜಾರುತ್ತದೆ, ಹಿಂದೆ ಕೂತವರಿಗೆ ಅಪಾಯ. ಬಿಸಿಲಲ್ಲಿ ನಿಲ್ಲಿಸುವುದು ತಪ್ಪದಿದ್ದರೆ ತಿಳಿ ಬಣ್ಣದ ಹತ್ತಿ ಬಟ್ಟೆ ಹೊದಿಸಿ ಹೋಗಿ. ಮೇಲೆ ಹಾಕುವ ಜಾಲಿ ಕವರ್ ಕೂಡ ಗಾಳಿಯಾಡಿಸುತ್ತದೆ. ಆದರೆ ಅದು ಸರಿಯದಂತೆ ನಾಲ್ಕೂ ಕಡೆ ಬಿಗಿಯಾಗಿ ಕಟ್ಟಿರಬೇಕು.

ಮಳೆಗಾಲ ಮುಗಿದ ಮೇಲೆ ಒಮ್ಮೆ ಸೀಟು ಬಿಚ್ಚಿ ಅಡಿ ನೋಡಿ. ತುಕ್ಕು ಹಿಡಿದ ಪಿನ್ನು ಬದಲಿಸಿ. ಫೋಮ್ ಒದ್ದೆಯಾಗಿದ್ದರೆ ಸೀಟನ್ನು ತಲೆಕೆಳಗೆ ಮಾಡಿ ನೆರಳಲ್ಲಿ ಆರಿಸಿ. ಎತ್ತಿಟ್ಟ ಕಂಪನಿಯ ಸೀಟನ್ನು ಬಟ್ಟೆಯಲ್ಲಿ ಸುತ್ತಿ, ಮೇಲೆ ಭಾರ ಹೇರದೆ ಇಡಿ. ಮುಂದೆ ಗಾಡಿ ಮಾರುವಾಗ ಕೊಳ್ಳುವವರು ಅದನ್ನೇ ಕೇಳಬಹುದು. ಆಗ ಹೊಸ ಸೀಟು ಮತ್ತು ಬ್ಯಾಗನ್ನು ನೀವೇ ಇಟ್ಟುಕೊಂಡು ಅದೇ ಮಾದರಿಯ ಮುಂದಿನ ಗಾಡಿಗೆ ಹಾಕಿಕೊಳ್ಳಬಹುದು.